ದೇವಿಮನೆ ಘಟ್ಟ ಹತ್ತದ ಮೀನಿನ ಗಾಡಿ

ಘಟ್ಟದಲ್ಲಿ ಗಾಡಿ ಎಳೆಯುವುದಿಲ್ಲ ಎಂದು ನನ್ನಲ್ಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಕಾಯಿಲೆಯ ಹೆಸರನ್ನೂ ಜೊತೆಗೇ ತಂದಿರುತ್ತಾರೆ. ಟರ್ಬೋ ಹೋಗಿದೆ, ಕ್ಲಚ್ ಜಾರುತ್ತಿದೆ, ಇಂಜೆಕ್ಟರ್ ಬದಲಿಸಬೇಕು. ಮೊಬೈಲಿನಲ್ಲಿ ನೋಡಿರುತ್ತಾರೆ, ಇಲ್ಲವೇ ಅವರ ಭಾವನ ಗಾಡಿಗೂ ಹಾಗೇ ಆಗಿರುತ್ತದೆ. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಾಯಿಲೆ ಯಾವುದೆಂದು ಗೊತ್ತಿದ್ದ ಮೇಲೆ ಹೊನ್ನಾವರದ ಹೆದ್ದಾರಿ ಬದಿಯ ನನ್ನ ಗ್ಯಾರೇಜಿನವರೆಗೆ ಯಾಕೆ ಬರಬೇಕು? ಮೀನಿನ ಅಕ್ಕ ಹಾಗೆ ಬರಲಿಲ್ಲ. ಅವಳು ತಂದದ್ದು ಒಬ್ಬ ಮನುಷ್ಯನ ಮೇಲಿನ ಅನುಮಾನವನ್ನು.

ಅವಳು ಶರಾವತಿ ಸೇತುವೆಯ ಆಚೆ, ಕಾಸರಕೋಡಿನವಳು. ಬಂದರಿನ ಹರಾಜಿನಲ್ಲಿ ಮೀನು ಹಿಡಿದು, ಐಸ್ ತುಂಬಿ, ಬೆಳಕು ಹರಿಯುವ ಮೊದಲೇ ಪಿಕಪ್ಪಿನಲ್ಲಿ ಶಿರಸಿಗೆ ಕಳಿಸುತ್ತಾಳೆ. ಶಿರಸಿಯ ಮಾರ್ಕೆಟ್ಟಿನಲ್ಲಿ ಕೂತು ಮಾರುವ ಹೆಂಗಸರು ಮತ್ತು ಒಂದೆರಡು ಖಾನಾವಳಿಯವರು ಆ ಗಾಡಿಗಾಗಿ ಕಾಯುತ್ತಾರೆ. ತಡವಾದರೆ ಕಾಯುವುದಿಲ್ಲ, ಬೇರೆ ಗಾಡಿಯಿಂದ ಇಳಿಸಿಕೊಳ್ಳುತ್ತಾರೆ. ಮಧ್ಯಾಹ್ನದ ಅಡುಗೆಗೆ ಮೀನು ಬೇಕಾದವರು ಮಧ್ಯಾಹ್ನ ಮೀನು ಕೊಳ್ಳುವುದಿಲ್ಲವಲ್ಲ.

ಗಾಡಿ ಓಡಿಸುವವನು ಐವತ್ತು ದಾಟಿದ ಮನುಷ್ಯ. ಮೊದಲು ಅಕ್ಕನ ಗಂಡನ ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದ. ಬೋಟು ಮಾರಿ ಪಿಕಪ್ ತೆಗೆದುಕೊಂಡಾಗ ಅವನನ್ನು ಬೋಟಿನ ಜೊತೆಗೆ ಬಿಟ್ಟುಕೊಡದೆ ಗಾಡಿಗೆ ಕರೆದುಕೊಂಡಿದ್ದರು. ಮಂಡಿ ನೋವಿನಿಂದ ಅವನಿಗೂ ಸಮುದ್ರ ಸಾಕಾಗಿತ್ತು.

“ಕುಮಟೆವರೆಗೆ ಎಂತ ತೊಂದ್ರೆ ಇಲ್ಲ ಅಂತೆ,” ಎಂದಳು ಅಕ್ಕ. “ಕತಗಾಲ ದಾಟಿ ಘಟ್ಟ ಶುರುವಾದ ಕೂಡ್ಲೆ ಗಾಡಿ ಎಳೂದಿಲ್ಲ ಅಂತೆ. ಬದಿಗೆ ನಿಲ್ಸಬೇಕು ಅಂತೆ.”

ಡ್ರೈವರ್ ಗಾಡಿಯ ಆಚೆ ಬದಿಯಲ್ಲೇ ನಿಂತಿದ್ದ. ಅವನನ್ನು ಎದುರಿಗೇ ಇಟ್ಟುಕೊಂಡು ಅವಳು ಹಾಗೆ ಊರಿನ ಸುದ್ದಿ ಹೇಳುವವಳಂತೆ ಮಾತಾಡಿದ್ದು ನನಗೆ ಸರಿ ಬರಲಿಲ್ಲ. ನಾನು ಅವನನ್ನೇ ಕೇಳಿದೆ.

“ಮೂರನೇ ಗೇರಿಂದ ಎರಡಕ್ಕೆ ಬತ್ತದೆ, ಎರಡರಿಂದ ಒಂದಕ್ಕೆ. ಆಮೇಲೆ ಒಂದರಲ್ಲೂ ಜೀವ ಇರೂದಿಲ್ಲ. ಎಕ್ಸಲೇಟರ್ ಪೂರಾ ಒತ್ತಿದ್ರೂ ಅಷ್ಟೇ. ಬದಿಗೆ ಹಾಕಂಡು ಅರ್ಧ ಗಂಟೆ ಬಿಟ್ರೆ ಮತ್ತೆ ಹತ್ತತದೆ.”

“ಆ ಅರ್ಧ ಗಂಟೆ ನೀ ಎಂತ ಮಾಡ್ತೆ?” ಅಕ್ಕ ಕೇಳಿದಳು.

“ಕೂತ್ಕಂಡಿರ್ತೆ.”

ಅವನ ಉತ್ತರ ಅಷ್ಟೇ. ನಾನು ಬಾನೆಟ್ ಎತ್ತಿದೆ. ಗಾಡಿಯ ಕೆಲಸ ನನಗೆ ಗೊತ್ತು. ಗಾಡಿಯವರ ನಡುವಿನ ಜಗಳಕ್ಕೆ ಮೂಗು ತೂರಿಸುವ ಅಭ್ಯಾಸ ನನಗಿಲ್ಲ.

ಎಳೆತ ಕಡಿಮೆಯಾಗುವುದಕ್ಕೆ ಮೂರೇ ಬಗೆಯ ಕಾರಣ. ಇಂಜಿನ್ನಿಗೆ ಗಾಳಿ ಸಾಲದಿರಬೇಕು, ಡೀಸೆಲ್ ಸಾಲದಿರಬೇಕು, ಇಲ್ಲವೇ ಇಂಜಿನ್ ಹುಟ್ಟಿಸಿದ ಶಕ್ತಿ ಚಕ್ರ ಮುಟ್ಟುವ ಮೊದಲೇ ಎಲ್ಲೋ ಪೋಲಾಗಬೇಕು. ಮೂರನೆಯದು ಸುಲಭವಾದ್ದರಿಂದ ಅಲ್ಲಿಂದ ಶುರು ಮಾಡಿದೆ. ಹಿಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತಿ ಕೈಯಿಂದ ತಿರುಗಿಸಿದೆ. ಸರಾಗವಾಗಿ ತಿರುಗಿದವು, ಬ್ರೇಕ್ ಕಚ್ಚಿರಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು ಮೇಲಿನ ಗೇರಿನಲ್ಲಿ ಕ್ಲಚ್ ಬಿಟ್ಟರೆ ಇಂಜಿನ್ ತಕ್ಷಣ ನಿಂತಿತು. ಕ್ಲಚ್ ಜಾರುತ್ತಿಲ್ಲ ಎಂದಾಯಿತು. ಆಮೇಲೆ ಗಾಳಿಯ ದಾರಿ ನೋಡಿದೆ. ಏರ್ ಫಿಲ್ಟರ್ ಕೊಳೆಯಾಗಿತ್ತು, ಆದರೆ ಗಾಡಿ ನಿಲ್ಲಿಸುವಷ್ಟಲ್ಲ. ಟರ್ಬೋದಿಂದ ಬರುವ ದಪ್ಪ ಹೋಸಿಗೆ ಸೋಪಿನ ನೀರು ಹಚ್ಚಿ ರೇಸ್ ಕೊಡಿಸಿದೆ, ಎಲ್ಲೂ ಗುಳ್ಳೆ ಏಳಲಿಲ್ಲ. ಸೈಲೆನ್ಸರಿನ ಹೊಗೆ ಸರಾಗವಾಗಿ ಹೋಗುತ್ತಿತ್ತು.

ಉಳಿದದ್ದು ಡೀಸೆಲ್. ಫಿಲ್ಟರಿನ ತಳದ ತಿರುಪು ಬಿಚ್ಚಿ ಒಂದಿಷ್ಟನ್ನು ಬಾಟಲಿಗೆ ಹಿಡಿದು ಬಿಸಿಲಿಗೆ ಎತ್ತಿದೆ. ಒಂದು ಹನಿ ನೀರೂ ಇರಲಿಲ್ಲ. ಮೀನಿನ ಗಾಡಿಯಲ್ಲಿ ಇದು ಅಪರೂಪ. ಕರಗಿದ ಐಸಿನ ಉಪ್ಪು ನೀರು ಮೇಲಿನಿಂದ ಸೋರಿ ಟ್ಯಾಂಕಿನ ಮೇಲೆ ಬೀಳುತ್ತಲೇ ಇರುತ್ತದೆ, ಹೇಗೋ ಒಂದು ದಾರಿ ಮಾಡಿಕೊಂಡು ಒಳಗೂ ಇಳಿಯುತ್ತದೆ.

“ನೀರು ಇರೂದಿಲ್ಲ,” ಎಂದ ಡ್ರೈವರ್. ಅಂದು ಅವನು ತಾನಾಗಿ ಆಡಿದ ಮಾತು ಅದೊಂದೇ. ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಸ್ಕ್ಯಾನರ್ ಚುಚ್ಚಿ ನೋಡಿದರೆ ಒಂದೇ ದೂರು ದಾಖಲಾಗಿತ್ತು: ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ರೈಲ್ ಎಂಬ ಕೊಳವೆಯಲ್ಲಿ ಒತ್ತಡ ಕಡಿಮೆ. ಡೀಸೆಲ್ ಫಿಲ್ಟರ್ ಹೊಸದು ಹಾಕಿದೆ. ಘಟ್ಟದಲ್ಲಿ ನೋಡದೆ ಗಾಡಿ ಕೊಡುವುದಿಲ್ಲ, ಬೇಕಾದರೆ ಕುಮಟೆಯಲ್ಲಿ ಡೀಸೆಲ್ ಹಾಕಿಸಿಕೊಳ್ಳುತ್ತೇನೆ ಎಂದೆ. ಅಕ್ಕ ಗಾಡಿಯ ಕೀಲಿಯ ಜೊತೆ ಸೆರಗಿನ ಗಂಟಿನಿಂದ ಇನ್ನೊಂದು ಸಣ್ಣ ಕೀಲಿ ಬಿಚ್ಚಿ ಕೊಟ್ಟಳು. ಟ್ಯಾಂಕಿಗೆ ಬೀಗದ ಮುಚ್ಚಳ ಹಾಕಿಸಿದ್ದಳು.

“ಬಂದರದಲ್ಲಿ ರಾತ್ರಿ ಡೀಸೆಲ್ ಕದೀತ್ರು. ಚೌತಿ ಕಳದ ಮೇಲೆ ಇದನ್ನ ಹಾಕ್ಸಿದೆ. ಈಗ ದಿನಾ ಸಂಜೆ ನಾನೇ ಪಂಪಿಗೆ ಹೋಗಿ ಟ್ಯಾಂಕ್ ತುಂಬಸ್ಕಂಡು ಬತ್ತೆ.”

ಡ್ರೈವರ್ ಹೆದ್ದಾರಿಯ ಕಡೆ ಮುಖ ತಿರುಗಿಸಿದ. ರಾತ್ರಿಯ ಕಳ್ಳರಿಗೆ ಹಾಕಿದ ಬೀಗವಾದರೆ ಹಗಲು ಅದರ ಕೀಲಿ ಡ್ರೈವರನ ಕೈಯಲ್ಲಿರಬೇಕಿತ್ತು. ಅದು ನನಗೂ ಹೊಳೆಯಿತು, ನಾನು ಕೇಳಲಿಲ್ಲ.

ಕ್ರೇಟುಗಳ ಜಾಗಕ್ಕೆ ಮರಳಿನ ಚೀಲ ತುಂಬಿಕೊಂಡು ಹೊರಟೆ. ಕುಮಟೆಯಲ್ಲಿ ಸ್ವಲ್ಪ ಡೀಸೆಲ್ ಹಾಕಿಸಿದೆ. ಕತಗಾಲ ದಾಟಿತು, ಘಟ್ಟ ಶುರುವಾಯಿತು. ಗಾಡಿ ಮೂರನೇ ಗೇರಿನಲ್ಲಿ ಗುಡುಗುಡು ಎಂದು ಹತ್ತಿತು. ಮೇಲೆ ದೇವಿಮನೆಯ ಗುಡಿಯ ಹತ್ತಿರ ತಿರುಗಿಸಿ ಇಳಿದು ಬಂದೆ. ಕೊಳಕು ಫಿಲ್ಟರ್ ಅಷ್ಟೇ ಎಂದು ಅಕ್ಕನಿಗೆ ಹೇಳಿ ಕೈ ತೊಳೆದುಕೊಂಡೆ.

ಮಾರನೇ ದಿನವೇ ಫೋನು. ಘಟ್ಟದಲ್ಲಿ ಗಾಡಿ ನಿಂತಿದೆ.

ಈ ಬಾರಿ ನಾನು ಪಂಪಿನ ಮೇಲೆ ಅನುಮಾನ ಪಟ್ಟೆ. ಡೀಸೆಲನ್ನು ಭಾರೀ ಒತ್ತಡದಲ್ಲಿ ತಳ್ಳುವ ಪಂಪು ಸವೆದಿದ್ದರೆ ಸಪಾಟು ರಸ್ತೆಯಲ್ಲಿ ಹೇಗೋ ನಡೆಯುತ್ತದೆ, ಏರಿನಲ್ಲಿ ಸೋಲುತ್ತದೆ. ಒಮ್ಮೆ ಹತ್ತಿ ಒಮ್ಮೆ ಹತ್ತದಿರುವುದೂ ಉಂಟು. ಪಂಪನ್ನು ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ ಭಟ್ಕಳದ ಬಸ್ಸು ಹತ್ತಿದೆ. ಜಾಲಿಗೆ ಹೋಗುವ ದಾರಿಯಲ್ಲಿ ಪಂಪು ಪರೀಕ್ಷೆ ಮಾಡುವ ಹಿರಿಯರೊಬ್ಬರಿದ್ದಾರೆ. ಅವರ ಮನೆಮಾತು ನವಾಯತಿ. ನನ್ನ ಹತ್ತಿರ ಕನ್ನಡ ಆಡುತ್ತಾರೆ, ಪಂಪಿನ ಹತ್ತಿರ ಉರ್ದು. ಪಂಪನ್ನು ಯಂತ್ರಕ್ಕೆ ಕಟ್ಟಿ ತಿರುಗಿಸಿದರು. ಮುಳ್ಳು ಏರಿತು, ಏರಿದಲ್ಲೇ ನಿಂತಿತು. ಬಿಸಿಯಾಗಲಿ ಎಂದು ನಾನು ಹಟ ಹಿಡಿದದ್ದಕ್ಕೆ ಇನ್ನಷ್ಟು ಹೊತ್ತು ತಿರುಗಿಸಿದರು. ಮುಳ್ಳು ಅಲ್ಲಾಡಲಿಲ್ಲ.

“ಪಂಪು ಮಜಬೂತ್ ಇದೆ ಭಾಯ್,” ಎಂದರು. “ನೀವು ಇದಕ್ಕೆ ಊಟ ಹಾಕ್ತಾ ಇಲ್ಲ, ಆಮೇಲೆ ಕೆಲ್ಸ ಮಾಡೂದಿಲ್ಲ ಅಂತ ಬೈತೀರಿ.”

“ಹೊಸ ಫಿಲ್ಟರ್ ಹಾಕೇನೆ.”

“ಫಿಲ್ಟರ್ ತಟ್ಟೆ. ಊಟ ಅದಕ್ಕಿಂತ ಹಿಂದಿನಿಂದ ಬರ್ಬೇಕಲ್ಲ?”

ಮಾತು ಚೆನ್ನಾಗಿತ್ತು, ನನಗೆ ಮಾತ್ರ ಸಿಟ್ಟು ಬಂತು. ಇಡೀ ದಿನ ಹಾಳಾಗಿತ್ತು. ವಾಪಸು ಬರುವ ಬಸ್ಸು ಕಾಯ್ಕಿಣಿಯ ಹತ್ತಿರ ಟಯರು ಪಂಕ್ಚರಾಗಿ ನಿಂತಿತು. ಗೋಣಿಚೀಲ ತೊಡೆಯ ಮೇಲಿಟ್ಟುಕೊಂಡು, ಇನ್ನೊಬ್ಬರು ಚಕ್ರ ಬಿಚ್ಚುವುದನ್ನು ಸುಮ್ಮನೆ ನೋಡುತ್ತ ಕೂತೆ.

ಗ್ಯಾರೇಜಿಗೆ ಬಂದು ಪಂಪು ಜೋಡಿಸಿ, ಟ್ಯಾಂಕಿನಿಂದ ಫಿಲ್ಟರಿನವರೆಗಿನ ಪೈಪುಗಳಿಗೆಲ್ಲ ಗಾಳಿ ಹೊಡೆದೆ. ಎಲ್ಲೂ ಕಟ್ಟಿರಲಿಲ್ಲ. ಟ್ಯಾಂಕಿನೊಳಗೆ ಡೀಸೆಲ್ ಹೀರುವ ಕೊಳವೆಯ ಜಾಲರಿ ತೆಗೆದು ನೋಡಿದೆ, ಅದೂ ಸ್ವಚ್ಛ. ಟ್ಯಾಂಕಿನ ಹೊರಮೈ ನೋಡಬೇಕೆಂದು ಹೊಳೆಯಲೇ ಇಲ್ಲ. ಅಲ್ಲಿ ತುಕ್ಕು ಹಿಡಿಯದಿರಲೆಂದು ಬಳಿದ ಹಳೇ ಆಯಿಲು, ಅದರ ಮೇಲೆ ಘಟ್ಟದ ಕೆಂಧೂಳು ಸೇರಿ ಎಲ್ಲವೂ ಒಂದೇ ಬಣ್ಣದ ಗಸಿಯಾಗಿತ್ತು. ಮತ್ತೆ ಮರಳಿನ ಚೀಲ, ಮತ್ತೆ ಕುಮಟೆಯಲ್ಲಿ ಡೀಸೆಲ್, ಮತ್ತೆ ದೇವಿಮನೆ. ಗಾಡಿ ಮತ್ತೆ ಸಲೀಸಾಗಿ ಹತ್ತಿತು. ಮರುದಿನ ಡ್ರೈವರ್ ಒಯ್ದಾಗ ಮತ್ತೆ ನಿಂತಿತು.

ಅಂದು ಸಂಜೆ ಅಕ್ಕ ಒಬ್ಬಳೇ ಬಂದಳು. ಕೂಗಾಡಲಿಲ್ಲ, ಸ್ಟೂಲಿನ ಮೇಲೆ ಕೂತು ನಿಧಾನವಾಗಿ ಹೇಳಿದಳು.

“ನೀವು ಓಡ್ಸಿದ್ರೆ ಹತ್ತತದೆ. ಅಂವ ಓಡ್ಸಿದ್ರೆ ಹತ್ತೂದಿಲ್ಲ. ಯಾರು ಓಡ್ಸೂದು ಅಂತ ಗಾಡಿಗೆ ಗೊತ್ತಾಗ್ತದ್ಯಾ?”

ನಾನು ಕೈಯ ಗ್ರೀಸು ಒರೆಸಿಕೊಂಡೆ. ಅವಳು ಮುಂದುವರಿಸಿದಳು.

“ಶಿರಸಿಯ ಖಾನಾವಳಿಯವ್ರು ಇವತ್ತು ಮೀನು ಬೇಡ ಅಂದ್ರು. ಬಂಗಡೆ ಅರ್ಧ ಹಂಗೇ ವಾಪಸ್ ಬಂತು. ಇನ್ನು ನಂಗೆ ತಡೂಕೆ ಆಗೂದಿಲ್ಲ. ಬೀಗ ಹಾಕ್ದ ಸಿಟ್ಟು ಅಂವ ಹಿಂಗೆ ತೀರಿಸ್ಕಣ್ತಿದ್ದ. ಮಂಕಿ ಬದಿಯ ಒಬ್ಬ ಡ್ರೈವರ್‌ಗೆ ಹೇಳೇನೆ, ನಾಡಿದ್ದಿಂದ ಬತ್ತ. ನಾಳೆ ಒಂದು ದಿನ ಇಂವ ಹೋಗ್ಲಿ.”

ಅವಳ ತರ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಗಾಡಿ ಚೊಲೋ ಇದೆ ಎಂದು ಹೇಳಿದವನೇ ನಾನು. ನನ್ನ ಮಾತನ್ನೇ ಹಿಡಿದುಕೊಂಡು ಅವಳು ಒಬ್ಬನ ಕೆಲಸ ತೆಗೆಯುತ್ತಿದ್ದಳು. ಆ ವಯಸ್ಸಿನಲ್ಲಿ, ಆ ಮಂಡಿ ಇಟ್ಟುಕೊಂಡು, ಯಜಮಾನಿತಿಯ ಡೀಸೆಲ್ ಕದ್ದವನು ಎಂಬ ಹೆಸರು ಹೊತ್ತು ಅವನು ಯಾರ ಗಾಡಿ ಹತ್ತಬೇಕು? ಬಂದರಿನಲ್ಲಿ ಇಂಥ ಸುದ್ದಿ ಮೀನಿಗಿಂತ ಬೇಗ ಮಾರಾಟವಾಗುತ್ತದೆ. ಅಷ್ಟಾದರೂ ಅವನ ಮೇಲಿನ ಕನಿಕರಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆ ಪ್ರಶ್ನೆ. ಯಾರು ಓಡಿಸುವುದೆಂದು ಗಾಡಿಗೆ ಗೊತ್ತಾಗುವುದಿಲ್ಲ. ಹಾಗಾದರೆ ಅವನ ಓಟಕ್ಕೂ ನನ್ನ ಓಟಕ್ಕೂ ಬೇರೇನೋ ವ್ಯತ್ಯಾಸ ಇರಲೇಬೇಕು, ಅದನ್ನು ನಾನು ನೋಡಿಲ್ಲ.

ಆಗ ಒಂದು ನಿರ್ಧಾರ ಮಾಡಿದೆ. ಇನ್ನು ಒಂದು ನಟ್ಟನ್ನೂ ಬಿಚ್ಚುವುದಿಲ್ಲ, ನಾನು ಓಡಿಸುವುದೂ ಇಲ್ಲ. ದಿನಾ ಹೇಗೋ ಹಾಗೇ, ಅದೇ ತುಂಬಿದ ಟ್ಯಾಂಕು, ಅದೇ ಮೀನು, ಅದೇ ಡ್ರೈವರ್. ನಾನು ಪಕ್ಕದಲ್ಲಿ ಕೂತು ನೋಡುವುದು. ಗಾಡಿ ನಿಲ್ಲುವುದಾದರೆ ನನ್ನ ಕಣ್ಣೆದುರೇ ನಿಲ್ಲಲಿ.

ಬೆಳಗಿನ ಜಾವ ಗ್ಯಾರೇಜಿನ ಎದುರು ಗಾಡಿ ನಿಂತಿತು. ಹತ್ತಿದೆ. ಇದೇ ಕೊನೆಯ ಟ್ರಿಪ್ಪು ಎಂದು ಅವನಿಗೆ ಗೊತ್ತಿತ್ತು. ಕುಮಟೆಯಲ್ಲಿ ಚಾ ಕುಡಿಯುವುದು ಅವನ ರೂಢಿಯಂತೆ, ಕುಡಿದೆವು.

“ಬೋಟಿಗೆ ವಾಪಸ್ ಹೋಗ್ಬಹುದಿತ್ತು, ಮಂಡಿ ಕೇಳೂದಿಲ್ಲ,” ಎಂದ. ಇಂಜಿನ್ ಬಂದ್ ಮಾಡುವುದಿಲ್ಲವೇ ಎಂದು ಕೇಳಿದೆ. ಇಲ್ಲ, ಐಸ್ ಕರಗುತ್ತದೆ, ಬೇಗ ಹೊರಡಬೇಕು ಎಂದ.

ಅವನು ಓಡಿಸುವುದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಗೇರು ಬದಲಿಸುವುದರಲ್ಲಿ ತಪ್ಪಿರಲಿಲ್ಲ. ನನಗಿಂತ ನಯವಾಗಿಯೇ ಓಡಿಸುತ್ತಿದ್ದ. ಕತಗಾಲ ದಾಟಿ ಏರು ಶುರುವಾದ ಸ್ವಲ್ಪ ಹೊತ್ತಿಗೆ ಇಂಜಿನ್ನಿನ ಸದ್ದು ಬದಲಾಯಿತು. ಮೂರರಿಂದ ಎರಡು. ಎರಡರಿಂದ ಒಂದು. ಅವನ ಪಾದ ನೋಡಿದೆ, ಎಕ್ಸಲೇಟರ್ ನೆಲ ಮುಟ್ಟಿತ್ತು. ಒಂದು ತಿರುವಿನ ಹತ್ತಿರ, ಸಣ್ಣ ಬಯಲಿದ್ದಲ್ಲಿ, ಅವನು ಗಾಡಿಯನ್ನು ಬದಿಗೆ ತಂದ. ಚಕ್ರಕ್ಕೆ ಕಲ್ಲು ಕೊಡಲು ಕಲ್ಲು ಹುಡುಕಬೇಕಾಗಲಿಲ್ಲ. ದಿನಾ ಕೊಡುವ ಕಲ್ಲು ಅಲ್ಲೇ ಇತ್ತು.

“ನೋಡ್ರಿ,” ಎಂದ. ಅಷ್ಟೇ.

ಅರ್ಧ ಗಂಟೆ ಕಾಯಲು ಬಿಡಬಾರದಿತ್ತು. ಅಷ್ಟರಲ್ಲಿ ಗಾಡಿ ತಾನಾಗಿ ಸರಿಹೋಗುತ್ತದೆ, ಸಾಕ್ಷಿಯೂ ಹೋಗುತ್ತದೆ. ಕೂಡಲೇ ಬಾನೆಟ್ ಎತ್ತಿದೆ. ಫಿಲ್ಟರಿನ ಮುಂಚೆ ಪೈಪಿನ ನಡುವೆ ಕೈಯಿಂದ ಒತ್ತಿ ಡೀಸೆಲ್ ಎಳೆಯುವ ಒಂದು ರಬ್ಬರ್ ಗುಂಡು ಇರುತ್ತದೆ. ಅದು ಚೀಪಿ ಬಿಟ್ಟ ಮಾವಿನಹಣ್ಣಿನ ಹಾಗೆ ಚಪ್ಪಟೆಯಾಗಿ ಒಳಕ್ಕೆ ಅಂಟಿಕೊಂಡಿತ್ತು. ಒತ್ತಿದರೆ ಮೇಲೇಳಲಿಲ್ಲ. ಪಂಪು ಜೋರಾಗಿಯೇ ಎಳೆಯುತ್ತಿದೆ, ಹಿಂದಿನಿಂದ ಡೀಸೆಲ್ ಬರುತ್ತಿಲ್ಲ. ಜಾಲಿಯ ಹಿರಿಯರ ಮಾತು ನೆನಪಾಯಿತು. ತಟ್ಟೆಗಿಂತ ಹಿಂದೆ, ಅಂದರೆ ಟ್ಯಾಂಕು.

“ಮುಚ್ಚಳ ತೆಗಿ,” ಎಂದೆ.

“ಕೀಲಿ ಅಕ್ಕನ ಹತ್ರ.”

ಆ ಕ್ಷಣಕ್ಕೆ ನನಗೆ ಎಲ್ಲ ಗೊತ್ತಾಯಿತು. ನನ್ನ ಎರಡೂ ಓಟದಲ್ಲಿ ಕೀಲಿ ನನ್ನ ಹತ್ತಿರ ಇತ್ತು. ಎರಡೂ ಸಲ ಘಟ್ಟಕ್ಕೆ ಸ್ವಲ್ಪ ಮೊದಲು, ಕುಮಟೆಯಲ್ಲಿ, ಡೀಸೆಲ್ ಹಾಕಿಸಲು ಮುಚ್ಚಳ ತೆರೆಸಿದ್ದೆ. ಅವನು ಕಾಸರಕೋಡಿನಿಂದ ಶಿರಸಿಯವರೆಗೆ ಮುಚ್ಚಳ ತೆರೆಯುವ ಹಾಗೇ ಇಲ್ಲ. ಟ್ಯಾಂಕಿನಿಂದ ಡೀಸೆಲ್ ಖಾಲಿಯಾದಷ್ಟೂ ಆ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಬರದಿದ್ದರೆ ಟ್ಯಾಂಕು ಡೀಸೆಲನ್ನು ಬಿಟ್ಟುಕೊಡುವುದಿಲ್ಲ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಮೊದಲೇ ಜಾಗ ಕಡಿಮೆ, ಹಾಗಾಗಿ ಇನ್ನೂ ಬೇಗ ಬಿಗಿಯುತ್ತದೆ. ಸಪಾಟು ರಸ್ತೆಗೆ ಸಾಕಾಗುವಷ್ಟು ಹೇಗೋ ಬರುತ್ತದೆ, ಏರಿಗೆ ಬೇಕಾದಷ್ಟು ಬರುವುದಿಲ್ಲ. ನಿಲ್ಲಿಸಿದರೆ ಸಂದಿಗೊಂದಿಯಿಂದ ಗಾಳಿ ಮೆಲ್ಲಗೆ ನುಸುಳಿ ಸಡಿಲವಾಗುತ್ತದೆ.

ಗಾಡಿಯಡಿ ತೂರಿ, ಮಿಕ್ಕ ಡೀಸೆಲ್ ಟ್ಯಾಂಕಿಗೆ ವಾಪಸು ಬರುವ ಪೈಪನ್ನು ಟ್ಯಾಂಕಿನ ಮೇಲಿಂದ ಕಿತ್ತೆ. ಬುಸ್ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು, ನಿಲ್ಲಲು ಹೊತ್ತೇ ಬೇಕಾಯಿತು. ಡ್ರೈವರ್ ದೂರ ನಿಂತೇ ಕೇಳಿಸಿಕೊಂಡ. ಪೈಪು ಮತ್ತೆ ಜೋಡಿಸಿ ಬಂದು ನೋಡಿದರೆ ರಬ್ಬರ್ ಗುಂಡು ಉಬ್ಬಿತ್ತು. ಸ್ಟಾರ್ಟ್ ಮಾಡಿಸಿದೆ. ಉಳಿದ ಘಟ್ಟವನ್ನು ಗಾಡಿ ಮೀನಿನ ಸಮೇತ ಮೂರನೇ ಗೇರಿನಲ್ಲೇ ಹತ್ತಿತು. ನನಗೆ ಖುಷಿಯಾಗಿತ್ತು, ಮುಚ್ಚಿಡುವುದೇನು. ಅವನು ಮಾತ್ರ ನಗಲಿಲ್ಲ.

ಶಿರಸಿಯಲ್ಲಿ ಮೀನು ಇಳಿಯುವಾಗ ನಾನು ಮತ್ತೆ ಗಾಡಿಯಡಿ ಹೋದೆ. ಬೀಗದ ಮುಚ್ಚಳ ಅಗ್ಗದ್ದು, ಗಾಳಿಗೆ ಅದರಲ್ಲಿ ತೂತಿಲ್ಲ, ಅದು ನಿಜ. ಆದರೆ ಈ ಗಾಡಿಯ ಟ್ಯಾಂಕಿಗೆ ಗಾಳಿ ಬರಲು ಇನ್ನೊಂದು ದಾರಿಯಿದೆ, ಟ್ಯಾಂಕಿನ ಮೇಲ್ಮೂಲೆಯಲ್ಲಿ ಒಂದು ಸಣ್ಣ ನಳಿಗೆ. ಅದೊಂದೇ ಸಾಕು. ಅದು ಯಾಕೆ ಕೆಲಸ ಮಾಡುತ್ತಿಲ್ಲ? ಗಸಿಯನ್ನು ಬೆರಳಿನಿಂದ ಕೆರೆದೆ. ನಳಿಗೆಯ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ತೊಡಿಸಿ, ತುದಿಯನ್ನು ಮಡಚಿ, ನೈಲಾನ್ ದಾರದಿಂದ ಬಿಗಿದಿತ್ತು. ಬಲೆಯ ದಾರ. ಗಂಟನ್ನು ನೋಡಿದೆ. ಯಾವ ಮೆಕ್ಯಾನಿಕನೂ ಅಂಥ ಗಂಟು ಹಾಕುವುದಿಲ್ಲ. ಎಳೆದಷ್ಟೂ ಬಿಗಿಯಾಗುವ ಆ ಗಂಟು ಸಮುದ್ರಕ್ಕೆ ಹೋಗುವವರದ್ದು.

ದಾರ ಕೊಯ್ದು, ಟ್ಯೂಬಿನ ತುಂಡನ್ನು ಹಿಡಿದು ಹೊರಗೆ ಬಂದೆ. ಅವನು ಖಾಲಿ ಕ್ರೇಟು ಎತ್ತುತ್ತಿದ್ದವನು ಹಾಗೇ ನಿಂತ.

“ಅದು ನಾ ಕಟ್ಟಿದ್ದು,” ಎಂದ.

ವಾಪಸು ಬರುವಾಗ ಪೂರ್ತಿ ಹೇಳಿದ. ಬೋಟಿನಲ್ಲಿ ಟ್ಯಾಂಕಿನ ಗಾಳಿ ನಳಿಗೆಯ ಬಾಯಿ ಡೆಕ್ಕಿನ ಮೇಲಿರುತ್ತದೆ. ಅಲೆ ಹೊಡೆಯುವ ದಿನ ಅದಕ್ಕೆ ಟ್ಯೂಬು ಏರಿಸಿ ಕಟ್ಟುವುದು ಇಂಜಿನ್ನಿನವನ ಮೊದಲ ಕೆಲಸ. ಡೀಸೆಲಿಗೆ ನೀರು ಹೋಗಿ ಇಂಜಿನ್ ನಿಂತರೆ ಬೋಟು ಅಲೆ ಹೇಳಿದ ಕಡೆ ಹೋಗುತ್ತದೆ. ಕಟ್ಟಿದರೂ ತೊಂದರೆ ಇಲ್ಲ, ಡೀಸೆಲ್ ಸುರಿಯುವ ದೊಡ್ಡ ಬಾಯಿ ಕೆಳಗೆ ಇಂಜಿನ್ ಕೋಣೆಯಲ್ಲಿ ಸಡಿಲ ಮುಚ್ಚಳದಲ್ಲೇ ಇರುತ್ತದೆ. ಹಿಂದಿನ ಮಳೆಗಾಲದಲ್ಲಿ ಈ ಗಾಡಿಯ ಡೀಸೆಲಿಗೆ ನೀರು ಹೋಗಿ ಎರಡು ಸಲ ಕೈಕೊಟ್ಟಿತ್ತು. ಅಕ್ಕ ಬೈದಿದ್ದಳು. ಅವನು ತನಗೆ ತಿಳಿದದ್ದನ್ನು ಮಾಡಿದ್ದ. ಹಳೇ ಮುಚ್ಚಳದಲ್ಲಿ ಗಾಳಿಗೆ ತೂತು ಇದ್ದದ್ದರಿಂದ ಗಾಡಿ ಚೌತಿಯವರೆಗೆ ಚೊಲೋ ಓಡಿತು. ಆಮೇಲೆ ಬೀಗ ಬಂತು. ಎರಡರಲ್ಲಿ ಯಾವುದೊಂದೇ ಆಗಿದ್ದರೂ ಏನೂ ಆಗುತ್ತಿರಲಿಲ್ಲ.

ಘಟ್ಟ ಇಳಿಯುತ್ತ ನಾನು ಇನ್ನೊಂದು ಲೆಕ್ಕ ಹಾಕುತ್ತಿದ್ದೆ. ನಳಿಗೆಯಲ್ಲಿ ಕೆಸರು ಕಟ್ಟಿತ್ತು ಎಂದರೆ ಮುಗಿಯಿತು. ಅದು ಪೂರ್ತಿ ಸುಳ್ಳೂ ಅಲ್ಲ. ಅವನ ಕೈವಾಡ ಎಂದು ಗೊತ್ತಾದರೆ ಅಕ್ಕ ಏನೆಂದುಕೊಳ್ಳುತ್ತಾಳೆ? ಸಿಟ್ಟಿಗೆ ಗಾಡಿ ನಿಲ್ಲಿಸುತ್ತಾನೆ ಎಂದು ಮೊದಲೇ ನಂಬಿದವಳು. ಅವನಿಗೆ ಹಾಗೆಂದು ಹೇಳಿದೆ. ಅವನು ಗೇರು ಇಳಿಸಿ ಮುಂದಿನ ತಿರುವು ತಿರುಗಿಸಿದ.

ಅಕ್ಕ ಮನೆಯ ಎದುರು ಕ್ರೇಟು ತೊಳೆಯುತ್ತಿದ್ದಳು. ಗಾಡಿ ಸರಿಯಾಯಿತು, ಗಾಳಿ ನಳಿಗೆ ಬಂದ್ ಆಗಿತ್ತು ಎಂದು ನಾನು ಶುರು ಮಾಡಿದೆ.

“ನಾನೇ ಬಂದ್ ಮಾಡಿದ್ದು,” ಎಂದು ಅವನು ನಡುವೆ ಬಾಯಿ ಹಾಕಿದ. “ಮಳೆಗಾಲದಲ್ಲಿ, ನೀರು ಹೋಗ್ಬಾರ್ದು ಅಂತ ಟ್ಯೂಬು ಕಟ್ಟಿದೆ. ಬಿಚ್ಚೂಕೆ ಮರ್ತೆ.”

ಅಕ್ಕನ ಕೈ ನಿಂತಿತು. ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಅರ್ಧ ಮಾತ್ರ ಅವನದ್ದು, ಬೀಗದ ಮುಚ್ಚಳ ಬಾರದೆ ಇದ್ದಿದ್ದರೆ ಗಾಡಿ ಇವತ್ತಿಗೂ ಓಡುತ್ತಿತ್ತು ಎಂದು ಬಿಡಿಸಿ ಹೇಳಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

“ಇಷ್ಟು ದಿನ ಗಾಡಿ ನಿಲ್ತಿತ್ತಲ್ಲ. ಒಂದು ಸಲ ಕೆಳಗೆ ಬಗ್ಗಿ ನೋಡೂಕೆ ಆಗ್ಲಿಲ್ವ ನಿಂಗೆ? ಇಂಜಿನ್ನಿನ ಕೆಲ್ಸ ಮಾಡ್ದವ ಅಲ್ವ ನೀನು?”

“ನೀವು ಬೀಗ ಹಾಕ್ದ ದಿನದಿಂದ ನಾ ಆ ಟ್ಯಾಂಕಿನ ಬದಿಗೇ ಹೋಗ್ಲಿಲ್ಲ ಅಕ್ಕ. ಅಲ್ಲಿ ಬಗ್ಗಿದ್ದನ್ನ ಯಾರಾದ್ರೂ ಕಂಡ್ರೆ ಎಂತ ಅಂದ್ಕಂತ್ರು?”

ಅಕ್ಕ ಬಕೇಟಿನಲ್ಲಿ ಉಳಿದ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ ಒಳಗೆ ಹೋದಳು. ನಾಳೆ ಬಾ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅವನು ಗಾಡಿಯ ಕೀಲಿಯನ್ನು ಜಗುಲಿಯ ಮೇಲಿಟ್ಟು ಮನೆಗೆ ನಡೆದ.

ಮರುದಿನ ಬೆಳಿಗ್ಗೆ ನಾನು ಬೇಗ ಬಂದು ಗ್ಯಾರೇಜಿನ ಶಟರ್ ಎತ್ತಿದೆ. ಕೆಲಸವೇನೂ ಇರಲಿಲ್ಲ, ಆ ಗಾಡಿಯನ್ನು ಯಾರು ಓಡಿಸುತ್ತಾರೆಂದು ನೋಡಬೇಕಿತ್ತು. ಸೇತುವೆಯ ಕಡೆಯಿಂದ ಪಿಕಪ್ ಬಂತು. ಅವನೇ ಇದ್ದ. ಪಕ್ಕದ ಸೀಟಿನಲ್ಲಿ ಅಕ್ಕ ನೆಟ್ಟಗೆ ಕೂತಿದ್ದಳು. ನಿಲ್ಲಿಸದೆ ಹೋದರು. ಮಂಕಿಯ ಡ್ರೈವರ್ ಇವತ್ತು ಬರಲಿಲ್ಲ ಎಂದಷ್ಟೇ ಅದರಿಂದ ತಿಳಿದದ್ದು.

ಮಧ್ಯಾಹ್ನ ವಾಪಸು ಬಂದಾಗ ನಿಲ್ಲಿಸಿದರು. ಘಟ್ಟ ಒಂದೇ ಉಸಿರಿಗೆ ಹತ್ತಿತೆಂದು ಅಕ್ಕ ಹೇಳಿದಳು. ಈ ಸಲ ‘ಅಂತೆ’ ಇರಲಿಲ್ಲ. ಆದರೂ ಕೆಲಸ ಬಾಕಿಯಿತ್ತು. ಟ್ಯೂಬು ತೆಗೆದ ಮೇಲೆ ಐಸಿನ ನೀರು ಮತ್ತೆ ನಳಿಗೆಯಿಂದ ಇಳಿಯುತ್ತದೆ. ಏನು ಮಾಡುವುದೆಂದು ನಾನು ಯೋಚಿಸುವಾಗ ಡ್ರೈವರ್ ಮೊದಲ ಸಲ ಟ್ಯಾಂಕಿನ ಹತ್ತಿರ ಬಗ್ಗಿದ. ದೊಡ್ಡ ಬೋಟುಗಳಲ್ಲಿ ನಳಿಗೆಯನ್ನು ಎತ್ತರಕ್ಕೆ ಒಯ್ದು ಬಾಯಿಯನ್ನು ಕೊಡೆಯ ಹಿಡಿಕೆಯ ಹಾಗೆ ಕೆಳಕ್ಕೆ ಬಗ್ಗಿಸುತ್ತಾರೆ, ಗಾಳಿ ಹೋಗುತ್ತದೆ, ನೀರು ಹೋಗುವುದಿಲ್ಲ ಎಂದ. ನನಗೂ ಒಪ್ಪಿಗೆಯಾಯಿತು. ಹೋಸು ಜೋಡಿಸಿ ಕ್ಯಾಬಿನ್ನಿನ ಬೆನ್ನಿಗೆ ಎತ್ತರದವರೆಗೆ ಒಯ್ದು, ಬಾಗಿದ ಕಬ್ಬಿಣದ ತುಂಡು ಸಿಕ್ಕಿಸಿ ಕ್ಲಿಪ್ ಹೊಡೆದೆವು. ಅಕ್ಕ ಸ್ಟೂಲಿನ ಮೇಲೆ ಕೂತು ಎಲ್ಲ ನೋಡುತ್ತಿದ್ದಳು.

“ಹಳೇ ಮುಚ್ಚಳ ಎಲ್ಲಿ ಹೋತೋ ಏನೋ,” ಎಂದಳು.

ಅವನು ಸೀಟು ಎತ್ತಿ ಬಟ್ಟೆಯಲ್ಲಿ ಸುತ್ತಿಟ್ಟ ಮುಚ್ಚಳ ತೆಗೆದು ಕೊಟ್ಟ. ಅವಳು ಸೆರಗಿನ ಗಂಟು ಬಿಚ್ಚಿ ತಾನೇ ಬೀಗ ತೆರೆದು, ಹಳೆಯದನ್ನು ಹಾಕಿ ತಿರುಗಿಸಿದಳು. ಬೀಗದ ಮುಚ್ಚಳವನ್ನು ಏನು ಮಾಡಲಿ ಎಂದು ಕೇಳಿದೆ. ನಿಮ್ಮ ಗುಜರಿಗೆ ಹಾಕಿ ಎಂದಳು. ಆಮೇಲೆ ರಸ್ತೆಗೆ ಇಳಿದು ಕಾಸರಕೋಡಿನ ಕಡೆಯ ಒಂದು ರಿಕ್ಷಾಕ್ಕೆ ಕೈ ಮಾಡಿದಳು. ಹತ್ತುವ ಮೊದಲು ತಿರುಗಿ ಅವನಿಗೆ ಹೇಳಿದಳು.

“ನಂಗೆ ಹರಾಜಿಗೆ ಹೋಗೂಕುಂಟು, ಪುರಸೊತ್ತಿಲ್ಲ. ಇನ್ನು ಸಂಜೆ ಡೀಸೆಲ್ ನೀನೇ ಹಾಕಸ್ಕಂಡು ಬಾ.”

ರಿಕ್ಷಾ ಹೋಯಿತು. ಅವನು ಗಾಡಿ ಹತ್ತಿ ಕೂತ. ತುಂಬ ಹೊತ್ತು ಸ್ಟಾರ್ಟ್ ಮಾಡಲಿಲ್ಲ. ನಾನು ಒಳಗೆ ಹೋಗಿ ಸ್ಪ್ಯಾನರುಗಳನ್ನು ಒರೆಸತೊಡಗಿದೆ.